ಆಟದ ಕಪಾಟಿಗೆ ಬಣ್ಣ: ಕುಂಚವೋ, ಉರುಳೆಯೋ, ತುಂತುರೋ?

ಗದಗಿನಿಂದ ಕೊಪ್ಪಳದತ್ತ ಹೋಗುವ ಹೆದ್ದಾರಿಯಲ್ಲಿ ೧೧–೧೨ ಕಿಲೋಮೀಟರು ಸಾಗಿದರೆ ಲಕ್ಕುಂಡಿ ಸಿಕ್ಕುತ್ತದೆ. ಶಾಸನಗಳಲ್ಲಿ ಲೊಕ್ಕಿಗುಂಡಿ ಎಂದು ಹೆಸರಾದ ಈ ಊರಿನಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ೧೦೦೭ರಲ್ಲಿ ಕಟ್ಟಿಸಿದ ಬ್ರಹ್ಮಜಿನಾಲಯವಿದೆ. ಕಾಶಿವಿಶ್ವನಾಥ, ನನ್ನೇಶ್ವರ ಮೊದಲಾದ ಕಲ್ಯಾಣದ ಚಾಲುಕ್ಯರ ಕಾಲದ ಗುಡಿಗಳಿವೆ. ಈ ಗುಡಿಗಳ ಕಂಬಗಳು ತಿಗರಿಯ ಮೇಲೆ ತಿರುಗಿಸಿ ಕಡೆದಂತೆ ದುಂಡಗಿವೆ. ಕೈಯಾಡಿಸಿದರೆ ಜಾರುವಷ್ಟು ನುಣ್ಣಗಿವೆ. ಬೆಳಕಿನ ಒಂದು ಕೋಲು ಬಿದ್ದರೆ ಸಾಕು, ಎಣ್ಣೆ ಸವರಿದಂತೆ ಮಿನುಗುತ್ತವೆ. ಅಲ್ಲಿ ಬಣ್ಣವೂ ಇಲ್ಲ, ವಾರ್ನಿಷೂ ಇಲ್ಲ. ಮೈಯ ಉಬ್ಬುತಗ್ಗುಗಳು ಸಣ್ಣವಾದಷ್ಟೂ ಬೆಳಕು ಅತ್ತಿತ್ತ ಚೆದರದೆ ಒಂದೇ ದಿಕ್ಕಿಗೆ ಮರಳುತ್ತದೆ, ಹೊಳಪೆಂದರೆ ಇಷ್ಟೇ. ಬಳಪದ ಕಲ್ಲಿನ ಜಾತಿಯ ಮೃದುಶಿಲೆಯನ್ನು ತಾಳ್ಮೆಯಿಂದ ಉಜ್ಜಿದ ಶಿಲ್ಪಿಗಳು ಈ ತತ್ತ್ವವನ್ನು ಕೈಯಿಂದಲೇ ಬಲ್ಲವರಾಗಿದ್ದರು.

ಮರಕ್ಕೆ ಈ ಭಾಗ್ಯವಿಲ್ಲ. ಮರವೆಂದರೆ ಸಾವಿರಾರು ಸಣ್ಣ ಕೊಳವೆಗಳ ಕಟ್ಟು. ಮಳೆಗಾಲದಲ್ಲಿ ಅದು ನೀರಾವಿಯನ್ನು ಹೀರಿ ಉಬ್ಬುತ್ತದೆ, ಬೇಸಗೆಯಲ್ಲಿ ಬಿಟ್ಟು ಕುಗ್ಗುತ್ತದೆ. ಉಜ್ಜಿ ನುಣುಪು ಮಾಡಿದರೂ ಆ ನುಣುಪು ಒಂದು ಮಳೆಗಾಲವನ್ನು ಕಾಣುವುದು ಕಷ್ಟ. ಆದುದರಿಂದ ಮರದ ಮೇಲೆ ತೆಳುವಾದ, ಗಟ್ಟಿಯಾದ, ಸಪಾಟಾದ ಇನ್ನೊಂದು ಮೈಯನ್ನು ನಾವೇ ಹೊದಿಸಬೇಕಾಗುತ್ತದೆ. ಆ ಹೊದಿಕೆಯೇ ಬಣ್ಣ.

ಈಚೆಗೆ ನಮ್ಮ ಕೆಲವರು ವಿದ್ಯಾರ್ಥಿಗಳು ಲಕ್ಕುಂಡಿಯಿಂದ ಒಂದು ಪ್ರಶ್ನೆಯನ್ನು ತಂದರು. ಅವರ ಓಣಿಯ ತರುಣರು ಕೂಡುವ ಕೋಣೆಯಲ್ಲಿ ಒಂದು ಹಳೆಯ ಆಟದ ಕಪಾಟು ಇದೆ. ಸಾಗವಾನಿಯ ಚೌಕಟ್ಟು, ಪದರಹಲಗೆಯ ಬಾಗಿಲುಗಳು, ಕಡೆದ ನಾಲ್ಕು ಕಾಲುಗಳು. ಮೇಲಿನ ಗೂಡುಗಳಲ್ಲಿ ಚದುರಂಗದ ಕಾಯಿಗಳು, ಪಗಡೆಯ ಹಾಸು, ಚೌಕಾಬಾರದ ಕವಡೆಗಳು. ಕೆಳಗಿನ ಉದ್ದ ಗೂಡಿನಲ್ಲಿ ಕ್ಯಾರಂ ಹಲಗೆಯನ್ನು ನಿಲ್ಲಿಸಿ ಇಡಲು ಸ್ಥಳ. ಎಂದೋ ಬಳಿದ ಹಸಿರು ಬಣ್ಣದ ಮೇಲೆ ಇನ್ನೆಂದೋ ಬಳಿದ ಕಂದು ಬಣ್ಣ. ಎರಡೂ ಈಗ ಹಪ್ಪಳದಂತೆ ಎದ್ದಿವೆ. ತರುಣರು ಇದನ್ನು ಹೊಸದು ಮಾಡಲು ನಿಶ್ಚಯಿಸಿದ್ದರು. ವಾಹನಗಳನ್ನು ದುರಸ್ತಿ ಮಾಡುವಲ್ಲಿಂದ ಒಂದು ಭಾನುವಾರದ ಮಟ್ಟಿಗೆ ಗಾಳಿಯಂತ್ರವನ್ನೂ ಬಣ್ಣದ ಬಂದೂಕನ್ನೂ ತರುವುದು, ಮೋಟಾರು ಗಾಡಿಗಳಿಗೆ ಹಾಕುವ ಎರಡು ಡಬ್ಬಿಗಳ ಬಣ್ಣವನ್ನು ಬೆರಸಿ ಅಂಗಳದಲ್ಲಿಯೇ ಸಿಂಪಡಿಸುವುದು, ಇದು ಅವರ ಯೋಜನೆ. ನಮ್ಮನ್ನು ಕೇಳಿದ್ದು ಬಂದೂಕಿನ ಮೂತಿಯ ರಂಧ್ರ ಎಷ್ಟು ದೊಡ್ಡದಿರಬೇಕೆಂದು ಮಾತ್ರ.

ಸಿಂಪಡಿಸುವುದೇ ಏಕೆಂದು ನಾವು ಮರುಪ್ರಶ್ನೆ ಹಾಕಿದೆವು. “ಕುಂಚದಿಂದ ಬಳಿದರೆ ಗೆರೆ ಉಳಿಯುತ್ತದೆ; ಕಾರಿನಂತೆ ಹೊಳೆಯಬೇಕಾದರೆ ಸಿಂಪಡಿಸಲೇಬೇಕು” ಎಂಬ ಉತ್ತರ ಬಂತು. ಈ ನಂಬಿಕೆ ಬಹಳ ಜನರಲ್ಲಿದೆ. ಇದರಲ್ಲಿ ಅರ್ಧ ನಿಜವೂ ಇದೆ. ಉಳಿದರ್ಧವನ್ನು ಭೌತಶಾಸ್ತ್ರದ ಸಹಾಯದಿಂದ ಪರೀಕ್ಷಿಸಿ ನೋಡೋಣ.

ಗೆರೆಗಳು ಎಲ್ಲಿ ಹೋಗುತ್ತವೆ?

ಒಂದು ಸಲ ಬಳಿದ ಹಸಿ ಬಣ್ಣದ ದಪ್ಪ ೫೦ರಿಂದ ೧೦೦ ಮೈಕ್ರಾನು, ಎಂದರೆ ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗದಿಂದ ಹತ್ತನೆಯ ಒಂದು ಭಾಗ. ಅದರಲ್ಲಿ ಸುಮಾರು ಅರ್ಧ ದ್ರಾವಕ. ಅದು ಆರಿಹೋದ ಮೇಲೆ ಉಳಿಯುವುದು ನಮ್ಮ ತಲೆಗೂದಲಿಗಿಂತ ತೆಳುವಾದ ಪೊರೆ. ಇಷ್ಟು ತೆಳುವಾದ ದ್ರವದ ನಡವಳಿಕೆಯನ್ನು ಮೂರು ಬಲಗಳು ತೀರ್ಮಾನಿಸುತ್ತವೆ: ದ್ರವದ ಸ್ನಿಗ್ಧತೆ, ಮೇಲ್ಮೈ ಕರ್ಷಣ ಮತ್ತು ಭೂಮಿಯ ಎಳೆತ. ಇವುಗಳ ಜಗಳದಲ್ಲಿ ಯಾರು ಗೆಲ್ಲುತ್ತಾರೆಂಬುದೇ ನಮ್ಮ ಪ್ರಶ್ನೆಯ ತಿರುಳು.

ಕುಂಚದ ಕೂದಲುಗಳು ಬಣ್ಣದಲ್ಲಿ ನೇಗಿಲಿನ ಸಾಲುಗಳಂತೆ ಗೆರೆಗಳನ್ನು ಎಳೆಯುತ್ತವೆ. ಹೊಲದ ಸಾಲು ಹಾಗೆಯೇ ಉಳಿಯುತ್ತದೆ. ಬಣ್ಣದ ಸಾಲು ಉಳಿಯಬೇಕಾಗಿಲ್ಲ. ಪ್ರತಿಯೊಂದು ದ್ರವವೂ ತನ್ನ ಮೇಲ್ಮೈಯನ್ನು ಆದಷ್ಟು ಕಿರಿದು ಮಾಡಿಕೊಳ್ಳಲು ಹವಣಿಸುತ್ತದೆ. ಮಳೆಹನಿ ದುಂಡಗಿರುವುದೂ ಇದರಿಂದಲೇ. ಅಲೆಅಲೆಯಾದ ಮೈಗಿಂತ ಸಪಾಟಾದ ಮೈ ಕಿರಿದಷ್ಟೆ? ಆದ್ದರಿಂದ ಮೇಲ್ಮೈ ಕರ್ಷಣವು ದಿಣ್ಣೆಗಳನ್ನು ಒತ್ತಿ ತಗ್ಗುಗಳನ್ನು ತುಂಬುತ್ತದೆ. ಸ್ನಿಗ್ಧತೆಯು ಅದನ್ನು ತಡೆಯುತ್ತದೆ. ಅಷ್ಟರಲ್ಲಿ ದ್ರಾವಕ ಆರುತ್ತ ಬಣ್ಣ ಗಟ್ಟಿಯಾಗುತ್ತ ಹೋಗುತ್ತದೆ. ಇದೊಂದು ಓಟದ ಪಂದ್ಯ. ಗಟ್ಟಿಯಾಗುವುದಕ್ಕೆ ಮುಂಚೆ ಸಪಾಟಾದರೆ ಗೆರೆ ಇಲ್ಲ.

೧೯೬೦ರ ದಶಕದ ಆರಂಭದಲ್ಲಿ ಆರ್ಚರ್ಡ್ ಎಂಬ ವಿಜ್ಞಾನಿ ಈ ಪಂದ್ಯದ ಗಣಿತವನ್ನು ಬಿಡಿಸಿದರು. ಫಲಿತಾಂಶ ಆಶ್ಚರ್ಯಕರವಾಗಿದೆ. ಗೆರೆಗಳ ನಡುವಣ ಅಂತರ ಎರಡರಷ್ಟಾದರೆ ಸಪಾಟಾಗಲು ಬೇಕಾದ ಕಾಲ ಎರಡರಷ್ಟಲ್ಲ, ನಾಲ್ಕರಷ್ಟೂ ಅಲ್ಲ, ೧೬ರಷ್ಟಾಗುತ್ತದೆ. ಪೊರೆಯ ದಪ್ಪ ಅರ್ಧವಾದರೆ ಕಾಲ ೮ರಷ್ಟಾಗುತ್ತದೆ. ಉದಾಹರಣೆಗೆ, ಹರಳೆಣ್ಣೆಯಷ್ಟು ಸ್ನಿಗ್ಧವಾದ (ಸುಮಾರು ೧ ಪಾಸ್ಕಲ್-ಸೆಕೆಂಡ್) ಬಣ್ಣವನ್ನು ೫೦ ಮೈಕ್ರಾನು ದಪ್ಪ ಬಳಿದೆವೆನ್ನೋಣ. ಅದರ ಮೇಲ್ಮೈ ಕರ್ಷಣ ಮೀಟರಿಗೆ ೦.೦೩ ನ್ಯೂಟನ್, ಎಂದರೆ ನೀರಿನದರ ಅರ್ಧಕ್ಕಿಂತ ಕಡಿಮೆ. ಗೆರೆಗಳ ಅಂತರ ೨ ಮಿಲಿಮೀಟರು ಇದ್ದರೆ ಅವುಗಳ ಎತ್ತರ ಮೂರರಲ್ಲಿ ಒಂದು ಭಾಗದಷ್ಟಕ್ಕೆ ಇಳಿಯಲು ಸುಮಾರು ೮ ಸೆಕೆಂಡು ಸಾಕು. ಅಂತರ ೪ ಮಿಲಿಮೀಟರಾದರೆ ೨ ನಿಮಿಷಕ್ಕೂ ಮೇಲೆ. ೬ ಮಿಲಿಮೀಟರಾದರೆ ೧೧ ನಿಮಿಷ!

ಈ ಲೆಕ್ಕದಿಂದ ಎರಡು ಸಂಗತಿಗಳು ಹೊರಬೀಳುತ್ತವೆ. ಮೊದಲನೆಯದಾಗಿ, ಒಳ್ಳೆಯ ಕುಂಚದ ನವುರಾದ ಕೂದಲುಗಳು ಎಳೆದ ಒತ್ತೊತ್ತಾದ ಗೆರೆಗಳು ನಾವು ಕುಂಚವನ್ನು ಕೆಳಗಿಡುವುದರೊಳಗೆ ಮಾಯವಾಗಬಲ್ಲವು. ಅಗ್ಗದ ಕುಂಚದ ದಪ್ಪ, ಬಿರುಸು ಕೂದಲುಗಳ ಗೆರೆಗಳೇ ಉಳಿದು ನಮ್ಮನ್ನು ಅಣಕಿಸುವುದು. ಕುಂಚಕ್ಕೆ ಉಳಿಸಿದ ಹಣವನ್ನು ಬಣ್ಣ ತಿಂದುಹಾಕುತ್ತದೆ. ಎರಡನೆಯದಾಗಿ, ಸಿಂಪಡಿಸಿದ ಬಣ್ಣದ ಮೈ ತಾನಾಗಿಯೇ ಕನ್ನಡಿಯಾಗುತ್ತದೆಂಬುದು ಸುಳ್ಳು. ಅನುಭವವಿಲ್ಲದವರು ಸಿಂಪಡಿಸಿದ ಮೈಯ ಮೇಲೆ ಕಿತ್ತಳೆಹಣ್ಣಿನ ಸಿಪ್ಪೆಯಂಥ ಉಬ್ಬುತಗ್ಗುಗಳು ಏಳುತ್ತವೆ. ಅವುಗಳ ಅಂತರ ಹಲವು ಮಿಲಿಮೀಟರು. ನಾಲ್ಕನೆಯ ಘಾತದ ನಿಯಮದಂತೆ ಅವು ಸಪಾಟಾಗಲು ಬೇಕಾದಷ್ಟು ಹೊತ್ತನ್ನು ಬೇಗ ಆರುವ ಬಣ್ಣ ಕೊಡುವುದೇ ಇಲ್ಲ.

ಹಾಗಾದರೆ ದಪ್ಪವಾಗಿ ಬಳಿದುಬಿಡೋಣವೇ? ಆಗ ಭೂಮಿಯ ಎಳೆತ ಕೈಹಾಕುತ್ತದೆ. ನಿಂತ ಹಲಗೆಯ ಮೇಲೆ ೧೦೦ ಮೈಕ್ರಾನಿನ ಪೊರೆಯ ಹೊರಮೈ, ನಮ್ಮ ಉದಾಹರಣೆಯ ಬಣ್ಣವೇ ಆದರೆ, ನಿಮಿಷಕ್ಕೆ ೩ ಮಿಲಿಮೀಟರಿಗಿಂತ ಹೆಚ್ಚು ಕೆಳಗೆ ಜಾರುತ್ತದೆ. ದಪ್ಪವನ್ನು ಎರಡರಷ್ಟು ಮಾಡಿದರೆ ಜಾರುವ ವೇಗ ನಾಲ್ಕರಷ್ಟು, ಕೆಳಗಿಳಿಯುವ ಬಣ್ಣದ ಮೊತ್ತ ಎಂಟರಷ್ಟು. ಬಾಗಿಲುಗಳ ಕೆಳಗಂಚಿನಲ್ಲಿ ಗಟ್ಟಿಯಾಗಿ ನಿಂತ ಕಣ್ಣೀರಿನಂಥ ಹನಿಗಳನ್ನು ವಾಚಕರು ತಮ್ಮ ಮನೆಯಲ್ಲಿಯೇ ಕಂಡಿರಬಹುದು.

ಈ ಇಕ್ಕಟ್ಟಿನಿಂದ ಪಾರಾಗಲು ಬಣ್ಣ ಮಾಡುವವರು ಒಂದು ಜಾಣ್ಮೆ ಮಾಡಿದ್ದಾರೆ. ಕುಂಚವು ಸೆಕೆಂಡಿಗೆ ೩೦ ಸೆಂಟಿಮೀಟರು ವೇಗದಲ್ಲಿ ೧೦೦ ಮೈಕ್ರಾನಿನ ಪೊರೆಯನ್ನು ಎಳೆಯುವಾಗ ಅದರ ಪದರಗಳು ಒಂದರ ಮೇಲೊಂದು ಸೆಕೆಂಡಿಗೆ ಸುಮಾರು ೩,೦೦೦ದ ದರದಲ್ಲಿ ಜಾರುತ್ತವೆ. ತನ್ನ ಭಾರದಿಂದ ಇಳಿಯುವಾಗಲೋ ಆ ದರ ೧ರ ಸುಮಾರು. ವೇಗವಾಗಿ ಕಲಕಿದಾಗ ತೆಳುವಾಗಿ, ಬಿಟ್ಟಾಗ ಮೆಲ್ಲಮೆಲ್ಲನೆ ಗಟ್ಟಿಯಾಗುವ ದ್ರವವನ್ನು ತಯಾರಿಸಿದರೆ, ಕುಂಚದ ಕೆಳಗೆ ಅದು ಹಾಲಿನಂತೆ ಹರಿಯುತ್ತದೆ, ಗೋಡೆಯ ಮೇಲೆ ಕೆನೆಮೊಸರಿನಂತೆ ನಿಲ್ಲುತ್ತದೆ. ಮಜ್ಜಿಗೆ ಕಡೆಯುವ ಮನೆಯವರಿಗೆ ಇದು ಹೊಸ ಸಂಗತಿಯೇನಲ್ಲ. ಒಂದು ಸಲ ಬಳಿದ ಜಾಗವನ್ನು ಅರ್ಧ ಆರಿದ ಮೇಲೆ ಮತ್ತೆ ಮತ್ತೆ ತೀಡಬಾರದೆಂದು ಹಳೆಯ ಕೆಲಸಗಾರರು ಹೇಳುವುದೂ ಇದಕ್ಕಾಗಿಯೇ. ಆಗ ಎದ್ದ ಗೆರೆಗಳಿಗೆ ಸಪಾಟಾಗುವ ಕಾಲ ಮಿಕ್ಕಿರುವುದಿಲ್ಲ.

ಉರುಳೆ

ಉರುಳೆಯಿಂದ ಬಣ್ಣ ಹಚ್ಚುವ ಪದ್ಧತಿ ಇವುಗಳಲ್ಲೆಲ್ಲ ಕಿರಿಯದು. ೧೯೪೦ರ ಸುಮಾರಿಗೆ ಕೆನಡಾದ ಟೊರಾಂಟೊ ನಗರದಲ್ಲಿದ್ದ ನಾರ್ಮನ್ ಬ್ರೇಕಿ ಎಂಬವರ ಹೆಸರಿನೊಡನೆ ಅದನ್ನು ಸಾಮಾನ್ಯವಾಗಿ ಸೇರಿಸುತ್ತಾರೆ. ಸ್ಪಂಜಿನ ಸಣ್ಣ ಉರುಳೆಯು ಅಗಲವಾದ ಹಲಗೆಯ ಮೇಲೆ ಒಂದೇ ದಪ್ಪದ ಪೊರೆಯನ್ನು ಬಲು ಬೇಗ ಹಾಸುತ್ತದೆ. ಅದರ ದೋಷ ಬೇರೆ ಬಗೆಯದು. ಉರುಳೆಯು ಮೈಯಿಂದ ಬಿಡಿಸಿಕೊಳ್ಳುವಾಗ ಬಣ್ಣವು ದೋಸೆಹಿಟ್ಟಿನಂತೆ ಸಣ್ಣ ಸಣ್ಣ ಎಳೆಗಳಾಗಿ ಹಿಗ್ಗಿ ಹರಿಯುತ್ತದೆ. ಪ್ರತಿಯೊಂದು ಎಳೆಯೂ ಒಂದು ಚುಕ್ಕೆಯನ್ನು ಬಿಡುತ್ತದೆ, ಜೊತೆಗೆ ಗುಳ್ಳೆಗಳು. ದೋಣಿಗಳಿಗೆ ಬಣ್ಣ ಹಾಕುವವರು ಇದಕ್ಕೊಂದು ಸೊಗಸಾದ ಉಪಾಯವನ್ನು ಕಂಡುಕೊಂಡಿದ್ದಾರೆ. ಒಬ್ಬನು ಉರುಳೆಯಿಂದ ಬಣ್ಣವನ್ನು ಹಾಸುತ್ತ ಹೋಗುತ್ತಾನೆ. ಇನ್ನೊಬ್ಬನು ಅವನ ಬೆನ್ನಿಗೇ, ಬಣ್ಣವಿಲ್ಲದ ಒಣ ಕುಂಚದ ತುದಿಯಿಂದ ಭಾರ ಹಾಕದೆ ಒಂದೇ ದಿಕ್ಕಿಗೆ ಸವರುತ್ತ ಬರುತ್ತಾನೆ. ಉರುಳೆಯು ದಪ್ಪವನ್ನು ಸಮ ಮಾಡುತ್ತದೆ. ಕುಂಚವು ಗುಳ್ಳೆಯನ್ನೊಡೆದು ಚುಕ್ಕೆಗಳನ್ನು ಒತ್ತೊತ್ತಾದ ಗೆರೆಗಳಾಗಿ ಬದಲಿಸುತ್ತದೆ. ಉಳಿದುದನ್ನು ಮೇಲ್ಮೈ ಕರ್ಷಣ ನೋಡಿಕೊಳ್ಳುತ್ತದೆ.

ತುಂತುರಿನ ಲೆಕ್ಕ

ಈಗ ಬಂದೂಕಿನ ಸರದಿ. ಇದರ ಹುಟ್ಟು ವೈದ್ಯನ ಕೋಣೆಯಲ್ಲಿ ಎಂಬುದು ಸ್ವಾರಸ್ಯದ ಮಾತು. ಅಮೆರಿಕದ ಒಹಾಯೊ ಸಂಸ್ಥಾನದ ಟೊಲಿಡೊ ನಗರದಲ್ಲಿದ್ದ ಡಾಕ್ಟರ್ ಡಿವಿಲ್ಬಿಸ್ ಎಂಬವರು ೧೯ನೆಯ ಶತಮಾನದ ಕೊನೆಯ ಭಾಗದಲ್ಲಿ ರೋಗಿಗಳ ಗಂಟಲಿಗೆ ಔಷಧವನ್ನು ತುಂತುರಾಗಿ ಎರಚುವ ಸಲಕರಣೆಯನ್ನು ಮಾಡಿದರು. ಮುಂದಿನ ಶತಮಾನದ ಆರಂಭದಲ್ಲಿ ಅವರ ಮಗ ಅದನ್ನೇ ಬಣ್ಣಕ್ಕೆ ಒಗ್ಗಿಸಿದರು. ೧೯೨೦ರ ದಶಕದಲ್ಲಿ ಬೇಗ ಆರುವ ನೈಟ್ರೊಸೆಲ್ಯುಲೋಸ್ ಬಣ್ಣಗಳು ಬಂದಮೇಲೆ ಮೋಟಾರು ಕಾರ್ಖಾನೆಗಳು ಬಂದೂಕನ್ನು ಅಪ್ಪಿಕೊಂಡವು. ಕುಂಚದಿಂದ ಬಳಿದು ವಾರಗಟ್ಟಲೆ ಆರಿಸಬೇಕಾಗಿದ್ದ ಗಾಡಿಗಳು ಬೇಗಬೇಗನೆ ಹೊರಬೀಳತೊಡಗಿದವು. ಸಿಂಪಡಣೆಯ ನಿಜವಾದ ಗುಣ ವೇಗ, ಮತ್ತು ಕುಂಚ ಮುಟ್ಟದ ಸಂದುಗೊಂದುಗಳನ್ನು ಮುಟ್ಟುವುದು. ಸಾವಿರ ಗಾಡಿಗಳಿಗೆ ಇದು ವರ. ಒಂದು ಕಪಾಟಿಗೆ?

ಒಂದು ಲೀಟರು ಬಣ್ಣವನ್ನು ೫೦ ಮೈಕ್ರಾನು ವ್ಯಾಸದ ಹನಿಗಳಾಗಿ ಒಡೆದರೆ ಸುಮಾರು ೧,೫೦೦ ಕೋಟಿ ಹನಿಗಳಾಗುತ್ತವೆ. ಅವುಗಳ ಒಟ್ಟು ಮೇಲ್ಮೈ ೧೨೦ ಚದರ ಮೀಟರು. ಒಂದು ಸಣ್ಣ ಮನೆಯ ನೆಲದಷ್ಟು. ಇಷ್ಟು ಹೊಸ ಮೇಲ್ಮೈಯನ್ನು ಸೃಷ್ಟಿಸಲು ಬೇಕಾದ ಶಕ್ತಿ ಬರೇ ೩.೬ ಜೂಲ್, ಒಂದು ಕಿಲೋಗ್ರಾಂ ತೂಕವನ್ನು ಮಂಡಿಯ ಎತ್ತರಕ್ಕಿಂತ ಕಡಿಮೆ ಎತ್ತಿದಷ್ಟು. ಗಾಳಿಯಂತ್ರವು ನಿಮಿಷಗಟ್ಟಲೆ ಗುಡುಗುಟ್ಟಿ ಖರ್ಚು ಮಾಡುವ ಶಕ್ತಿಯಲ್ಲಿ ಇದು ಲೆಕ್ಕಕ್ಕೇ ಸಿಗದು. ಉಳಿದುದೆಲ್ಲ ಗಾಳಿಯನ್ನು ನೂಕುವುದಕ್ಕೆ ಹೋಗುತ್ತದೆ. ಆ ನೂಕಿದ ಗಾಳಿಯೇ ಬಣ್ಣವನ್ನು ಅತ್ತಿತ್ತ ಒಯ್ಯುತ್ತದೆ.

ನೋಡಿ: ಬಂದೂಕಿನಿಂದ ಹೊರಟ ಗಾಳಿಯ ಧಾರೆಯು ಹಲಗೆಗೆ ತಾಗಿದೊಡನೆ ಪಕ್ಕಕ್ಕೆ ತಿರುಗುತ್ತದೆ. ದೊಡ್ಡ ಹನಿಗೆ ಜಡತ್ವ ಹೆಚ್ಚು. ಅದು ತಿರುಗಲಾರದೆ ಹಲಗೆಗೆ ಬಡಿದು ಅಂಟುತ್ತದೆ. ೧೦ ಮೈಕ್ರಾನಿನ ಹನಿ ಗಾಳಿಯ ಜೊತೆಯಲ್ಲಿಯೇ ಹೊರಳಿ ಹೊರಟುಹೋಗುತ್ತದೆ. ಹೆಚ್ಚು ಒತ್ತಡದ ಹಳೆಯ ಮಾದರಿಯ ಬಂದೂಕುಗಳಲ್ಲಿ ಬಣ್ಣದ ಸುಮಾರು ಮೂರನೆಯ ಒಂದು ಭಾಗ ಮಾತ್ರ ಮರಕ್ಕೆ ಸೇರುತ್ತದೆ. ಮೂತಿಯಲ್ಲಿ ಒತ್ತಡವನ್ನು ೦.೭ ವಾಯುಭಾರಕ್ಕಿಂತ ಕೆಳಗಿರಿಸಿ ಹೆಚ್ಚು ಗಾಳಿಯನ್ನು ಮೆಲ್ಲನೆ ಬಿಡುವ ಈಚಿನ ಬಂದೂಕುಗಳಲ್ಲಿ ಈ ಪ್ರಮಾಣ ನೂರಕ್ಕೆ ೬೫ರವರೆಗೆ ಏರುತ್ತದೆ, ಅದೂ ಪಳಗಿದ ಕೈಯಲ್ಲಿ.

ನಮ್ಮ ಕಪಾಟಿಗೆ ಇದನ್ನು ಅನ್ವಯಿಸೋಣ. ಎತ್ತರ ೧೨೦, ಅಗಲ ೧೦೦, ಆಳ ೪೦ ಸೆಂಟಿಮೀಟರು ಎಂದಿಟ್ಟುಕೊಂಡರೆ (ಕ್ಯಾರಂ ಹಲಗೆಯ ಆಟದ ಮೈಯೇ ೭೪ ಸೆಂಟಿಮೀಟರು ಚೌಕ, ಚೌಕಟ್ಟು ಬೇರೆ) ಹೊರಮೈ ಸುಮಾರು ೩.೭೫ ಚದರ ಮೀಟರು. ೬೦ ಮೈಕ್ರಾನಿನ ಒಂದು ಲೇಪಕ್ಕೆ ಬೇಕಾದ ಬಣ್ಣ ೨೨೫ ಮಿಲಿಲೀಟರು, ಒಂದು ದೊಡ್ಡ ಲೋಟದಷ್ಟು. ಹಳೆಯ ಬಂದೂಕಿನಿಂದಾದರೆ ೬೭೫ ಮಿಲಿಲೀಟರು ಬೇಕು. ಮಿಕ್ಕ ೪೫೦ ಮಿಲಿಲೀಟರು ಎಲ್ಲಿ ಹೋಯಿತೆಂದು ಕೇಳಬೇಕಾದುದು ನ್ಯಾಯ.

ಲಕ್ಕುಂಡಿಯಲ್ಲಿ ಆ ಪ್ರಶ್ನೆಗೆ ಉತ್ತರ ಕೊಡಲು ಗಾಳಿಯೇ ಸಾಕು. ಗದಗಿನ ಸುತ್ತಲಿನ ಬಯಲು, ಕಪ್ಪತಗುಡ್ಡದ ನೆತ್ತಿ ಎಲ್ಲವೂ ಗಾಳಿಗೆ ಹೆಸರಾದವು. ಗುಡ್ಡಗಳ ಮೇಲೆ ಸಾಲುಸಾಲಾಗಿ ಗಾಳಿಯಂತ್ರಗಳು ನಿಂತಿರುವುದು ಸುಮ್ಮನಲ್ಲ. ೫೦ ಮೈಕ್ರಾನಿನ ಹನಿಯು ನಿಶ್ಚಲವಾದ ಗಾಳಿಯಲ್ಲಿ ಸೆಕೆಂಡಿಗೆ ಏಳೂವರೆ ಸೆಂಟಿಮೀಟರಿನಂತೆ ಮಾತ್ರ ಬೀಳುತ್ತದೆ. ಒಂದು ಮೀಟರು ಇಳಿಯಲು ೧೩ ಸೆಕೆಂಡು. ಅಷ್ಟರಲ್ಲಿ ಸೆಕೆಂಡಿಗೆ ೩ ಮೀಟರಿನ ಸಾಧಾರಣ ತಂಗಾಳಿಯೂ ಅದನ್ನು ೪೦ ಮೀಟರು ದೂರ ಒಯ್ಯುತ್ತದೆ. ೧೦ ಮೈಕ್ರಾನಿನ ಹನಿಗೆ ಅದೇ ಒಂದು ಮೀಟರು ಇಳಿಯಲು ಐದು ನಿಮಿಷಕ್ಕೂ ಮೇಲೆ ಬೇಕು. ಅದು ಊರನ್ನೇ ದಾಟಬಹುದು! ನೆರೆಯವರ ಹಗ್ಗದ ಮೇಲಿನ ಬಿಳಿ ಧೋತರ, ಹಿತ್ತಿಲಿನ ತೊಟ್ಟಿಯ ನೀರು, ಯಾವುದೂ ಸುರಕ್ಷಿತವಲ್ಲ. ಹೋಗುವುದು ಹೀಗಾದರೆ, ಬರುವುದು ಎರೆಭೂಮಿಯ ಕರಿಧೂಳು. ಹಸಿ ಬಣ್ಣವು ಅದನ್ನು ಅಂಟುಕಾಗದದಂತೆ ಹಿಡಿದುಕೊಳ್ಳುತ್ತದೆ.

ಬೇಸಗೆಯಲ್ಲಿ ಇನ್ನೊಂದು ಕಾಟ. ಅಷ್ಟೊಂದು ಮೇಲ್ಮೈಯಿಂದ ದ್ರಾವಕವು ಬಲು ಬೇಗ ಆರುವುದರಿಂದ ಹನಿಯು ದಾರಿಯಲ್ಲಿಯೇ ಅರ್ಧ ಒಣಗಿ, ಮರದ ಮೇಲೆ ಹರಡಿಕೊಳ್ಳದೆ ಪುಡಿಯಂತೆ ಕೂರುತ್ತದೆ; ಮೈ ಉಪ್ಪುಕಾಗದದಂತಾಗುತ್ತದೆ. ಮಳೆಗಾಲದಲ್ಲಿ ಇದಕ್ಕೆ ವ್ಯತಿರಿಕ್ತವಾದ ತೊಂದರೆ. ಆರುವ ದ್ರಾವಕವು ಪೊರೆಯಿಂದ ಶಾಖವನ್ನು ಸೆಳೆದುಕೊಂಡು ಅದನ್ನು ತಂಪುಮಾಡುತ್ತದೆ. ಮಣ್ಣಿನ ಹೂಜಿಯ ನೀರು ತಣ್ಣಗಾಗುವ ತತ್ತ್ವವೇ. ತಂಪಾದ ಮೈಯ ಮೇಲೆ ಇಬ್ಬನಿ ಕೂತು ಹೊಳೆಯಬೇಕಾದ ಬಣ್ಣ ಹಾಲುಬಿಳುಪಾಗಿ ಮಂಕಾಗುತ್ತದೆ.

ಉಸಿರಿನ ಮಾತು

ಇಷ್ಟೂ ಹಣದ, ಅಂದದ ಲೆಕ್ಕಾಚಾರ. ಇನ್ನು ಹೇಳುವುದು ಬೇರೆ ತರಹದ್ದು. ತರುಣ ವಾಚಕರು ಇದನ್ನು ಹಗುರಾಗಿ ಭಾವಿಸಬಾರದು. ಎರಡು ಡಬ್ಬಿಗಳನ್ನು ಬೆರಸಿ ಉಪಯೋಗಿಸುವ ಪಾಲಿಯುರೆಥೇನ್ ಬಣ್ಣಗಳ ಎರಡನೆಯ ಡಬ್ಬಿಯಲ್ಲಿ ಐಸೊಸಯನೇಟ್ ಎಂಬ ವರ್ಗದ ರಾಸಾಯನಿಕಗಳಿವೆ. ಅವು ಬಣ್ಣದ ಅಣುಗಳನ್ನು ಒಂದಕ್ಕೊಂದು ಹೆಣೆದು ಕಲ್ಲಿನಂಥ ಪೊರೆಯನ್ನು ಕೊಡುತ್ತವೆ, ನಿಜ. ಆದರೆ ತುಂತುರಾಗಿ ಶ್ವಾಸಕೋಶವನ್ನು ಸೇರಿದರೆ ಉಬ್ಬಸವನ್ನು ತರುತ್ತವೆ. ಒಮ್ಮೆ ಮೈಗೆ ಅದು ಒಗ್ಗದಂತಾದರೆ ಆಮೇಲೆ ಅತ್ಯಲ್ಪ ಪ್ರಮಾಣವೂ ಉಸಿರನ್ನು ಕಟ್ಟಿಸಬಲ್ಲುದು, ಮತ್ತು ಈ ದೋಷ ಜೀವಮಾನದುದ್ದಕ್ಕೂ ಉಳಿಯಬಹುದು. ಮೂಗಿಗೆ ಕಟ್ಟಿದ ಕರವಸ್ತ್ರ ಆವಿಯನ್ನೂ ತಡೆಯದು, ಸಣ್ಣ ಹನಿಯನ್ನೂ ತಡೆಯದು. ಇಂಥ ಬಣ್ಣವನ್ನು ಸಿಂಪಡಿಸುವವರು ಪ್ರತ್ಯೇಕವಾದ ಕೋಣೆಯಲ್ಲಿ, ಹೊರಗಿನಿಂದ ಕೊಳವೆಯ ಮೂಲಕ ಶುದ್ಧವಾದ ಗಾಳಿ ಬರುವ ಮುಖವಾಡವನ್ನು ತೊಟ್ಟು ಕೆಲಸಮಾಡಬೇಕು. ಮಕ್ಕಳು ಸುತ್ತ ನಿಂತು ನೋಡುವ ಓಣಿಯ ಅಂಗಳ ಅದಕ್ಕೆ ಸ್ಥಳವಲ್ಲ. ನಮ್ಮ ವಿದ್ಯಾರ್ಥಿಗಳ ಯೋಜನೆಯನ್ನು ನಾವು ಖಂಡಿತವಾಗಿ ಬೇಡವೆಂದುದು ಗೆರೆ, ಹೊಳಪುಗಳ ಕಾರಣಕ್ಕಲ್ಲ, ಈ ಕಾರಣಕ್ಕೆ.

ಹಳೆಯ ಬಣ್ಣವನ್ನು ತೆಗೆಯುವಾಗಲೂ ಎಚ್ಚರ ಬೇಕು. ಮನೆ ಬಳಕೆಯ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷ ಭಾಗಕ್ಕೆ ೯೦ ಭಾಗವನ್ನು ಮೀರಬಾರದೆಂದು ಭಾರತ ಸರಕಾರವು ೨೦೧೬ರಲ್ಲಿ ನಿಯಮ ಮಾಡಿತು. ಅದು ಜಾರಿಗೆ ಬಂದುದು ೨೦೧೭ರ ನವೆಂಬರಿನಲ್ಲಿ. ಅದಕ್ಕೆ ಹಿಂದಿನ ಬಣ್ಣಗಳಲ್ಲಿ, ಅದರಲ್ಲಿಯೂ ಹಳದಿ, ಹಸಿರು, ಕೆಂಪುಗಳಲ್ಲಿ, ಸೀಸ ಇದ್ದಿರಬಹುದೆಂದೇ ಭಾವಿಸತಕ್ಕದ್ದು. ಎಳೆಯ ಮಕ್ಕಳ ಮಿದುಳಿಗೆ ಸೀಸ ಮಾಡುವ ಹಾನಿ ಸರಿಹೋಗುವಂಥದಲ್ಲ. ಆದ್ದರಿಂದ ಒಣಗಿದ ಉಪ್ಪುಕಾಗದದಿಂದ ಉಜ್ಜಿ ಧೂಳೆಬ್ಬಿಸಕೂಡದು. ಬೆಂಕಿಯ ಜ್ವಾಲೆಯಿಂದ ಸುಡಕೂಡದು. ನೀರಿನಲ್ಲಿ ನೆನೆಯಿಸಿದ ಕಾಗದದಿಂದ ಉಜ್ಜಿ, ಕೆಸರನ್ನು ಹಳೆಯ ಬಟ್ಟೆಯಲ್ಲಿ ಒರೆಸಿ ಕಟ್ಟಿಟ್ಟು, ಕೈ ತೊಳೆಯುವುದು ಲೇಸು. ಕೆಲಸ ನಡೆಯುವಲ್ಲಿ ಮಕ್ಕಳಿಗೆ ಪ್ರವೇಶವಿಲ್ಲ.

ಕಿನ್ನಾಳ ಮತ್ತು ಚನ್ನಪಟ್ಟಣ

ಲಕ್ಕುಂಡಿಯಿಂದ ಅದೇ ಹೆದ್ದಾರಿಯಲ್ಲಿ ಪೂರ್ವಕ್ಕೆ ಹೋದರೆ ಕೊಪ್ಪಳ; ಅದರ ಹತ್ತಿರದಲ್ಲಿಯೇ ಕಿನ್ನಾಳ. ಅಲ್ಲಿಯ ಚಿತ್ರಗಾರರು ಹಗುರವಾದ ಮರದಿಂದ ಬೊಂಬೆಗಳನ್ನೂ ದೇವತಾಮೂರ್ತಿಗಳನ್ನೂ ಮಾಡಿ ಬಣ್ಣ ಹಾಕುತ್ತಾರೆ. ಬಣ್ಣಕ್ಕೆ ಮೊದಲು ಅವರು ಮಾಡುವ ಸಿದ್ಧತೆಯನ್ನು ನೋಡಬೇಕು. ನಾರಿನ ಚಿಂದಿಯನ್ನು ನೆನೆಯಿಸಿ, ಒಣಗಿಸಿ, ಪುಡಿಮಾಡಿ, ಮರದ ಹೊಟ್ಟನ್ನೂ ಹುಣಸೆಬೀಜದ ಸರಿಯನ್ನೂ ಬೆರಸಿ ಮಾಡಿದ ‘ಕಿಟ್ಟ’ವನ್ನು ಮೈಗೆಲ್ಲ ಮೆತ್ತುತ್ತಾರೆ. ಅದರ ಮೇಲೆ ಹತ್ತಿಬಟ್ಟೆಯ ಚೂರುಗಳನ್ನು ಅಂಟಿಸುತ್ತಾರೆ. ಆಮೇಲೆ ಬೆಣಚುಕಲ್ಲಿನ ಪುಡಿಯ ಲೇಪ. ಇಷ್ಟಾದ ಮೇಲೆ ಕುಂಚ. ಮರವು ಉಬ್ಬಿ ಕುಗ್ಗಿದರೂ ನಡುವಣ ಬಟ್ಟೆಯು ಆ ಎಳೆದಾಟವನ್ನು ತಾನು ನುಂಗಿಕೊಂಡು ಬಣ್ಣವನ್ನು ಬಿರಿಯಗೊಡುವುದಿಲ್ಲ. ಬಣ್ಣ ಹಚ್ಚುವ ರೀತಿಯ ಬಗ್ಗೆ ತಲೆಕೆಡಿಸಿಕೊಳ್ಳುವವರು ಅದರ ಕೆಳಗಿನ ಮೈಯ ಬಗ್ಗೆ ಅಷ್ಟು ಯೋಚಿಸುವುದಿಲ್ಲವೆಂಬುದು ನಮ್ಮ ಅಭಿಪ್ರಾಯ.

ಚನ್ನಪಟ್ಟಣದ ಪದ್ಧತಿ ಮತ್ತೂ ವಿಚಿತ್ರ. ಅಲ್ಲಿ ದ್ರಾವಕವೂ ಇಲ್ಲ, ಕುಂಚವೂ ಇಲ್ಲ. ಕಡಚಲು ಯಂತ್ರದಲ್ಲಿ ತಿರುಗುವ ಹಾಲೆಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಘರ್ಷಣೆಯ ಶಾಖದಿಂದಲೇ ಅರಗು ಕರಗಿ ಮರಕ್ಕೆ ಮೆತ್ತಿಕೊಳ್ಳುತ್ತದೆ. ತಾಳೆಗರಿಯನ್ನು ಹಿಡಿದು ಉಜ್ಜಿದರೆ ಕನ್ನಡಿ. ಹನಿಯೂ ಹಾರದು, ಆವಿಯೂ ಏಳದು. ಇದಕ್ಕಿಂತ ನಿರ್ದೋಷವಾದ ಲೇಪನಕ್ರಮವನ್ನು ನಾವು ಕಾಣೆವು. ಆದರೆ ತಿರುಗುವ ವಸ್ತುವಿಗೆ ಮಾತ್ರ ಇದು ಸಲ್ಲುತ್ತದೆ. ನಮ್ಮ ಕಪಾಟಿನ ಹಿಡಿಗುಬ್ಬಿಗಳನ್ನು ಹೀಗೆ ಮಾಡಿಸಬಹುದು. ಬಾಗಿಲನ್ನು ತಿರುಗಿಸುವ ಯಂತ್ರವಿಲ್ಲ. ಅರಗಿನ ಹೆಸರು ಬಂದುದರಿಂದ ಒಂದು ಮಾತು: ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ೧೯೩೭ರಲ್ಲಿ, ಮೈಸೂರಿನಲ್ಲಿ ಸ್ಥಾಪಿತವಾದ ಅರಗು ಮತ್ತು ಬಣ್ಣದ ಕಾರ್ಖಾನೆಯೇ ೧೯೬೨ರ ಚುನಾವಣೆಯಿಂದ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಯನ್ನು ಒದಗಿಸುತ್ತ ಬಂದಿದೆ. ಬೆರಳಿಗೆ ಹಚ್ಚುವುದೂ ಒಂದು ಲೇಪನವಷ್ಟೆ!

ಕಪಾಟಿನ ಕೆಲಸ

ಹಾಗಾದರೆ ವಿದ್ಯಾರ್ಥಿಗಳಿಗೆ ನಾವು ಹೇಳಿದುದೇನು? ಮೊದಲು ಕಂದು, ಹಸಿರು ಪದರಗಳ ಕೆಳಗೆ ಏನಿದೆಯೆಂದು ಒಂದು ಮೂಲೆಯಲ್ಲಿ ಮೆಲ್ಲನೆ ಬಿಡಿಸಿ ನೋಡಿರಿ. ಕೈಯಿಂದ ಬರೆದ ಹಳೆಯ ಚಿತ್ರವಿದ್ದರೆ ಅಲ್ಲಿಗೇ ನಿಲ್ಲಿಸಿ ತಿಳಿದವರಿಗೆ ತೋರಿಸಿರಿ. ಅದರ ಮೇಲೆ ಯಾವ ಪದ್ಧತಿಯ ಹೊಸ ಬಣ್ಣವೂ ಸಲ್ಲದು. ಅವರು ನೋಡಿದಾಗ ಕೆಳಗೆ ಬರಿಯ ಸಾಗವಾನಿ ಸಿಕ್ಕಿತು.

ಬಾಗಿಲುಗಳನ್ನು ಕೀಲಿನಿಂದ ಕಳಚಿ ಮೇಜಿನ ಮೇಲೆ ಅಡ್ಡಲಾಗಿ ಮಲಗಿಸುವುದು ಎಲ್ಲಕ್ಕಿಂತ ಮುಖ್ಯವಾದ ಕೆಲಸ. ನಿಂತ ಹಲಗೆಯಲ್ಲಿ ಬಣ್ಣವನ್ನು ಕೆಳಕ್ಕೆಳೆದು ಕೆಡಿಸುತ್ತಿದ್ದ ಭೂಮಿಯ ಎಳೆತವು ಮಲಗಿದ ಹಲಗೆಯಲ್ಲಿ ಮೇಲ್ಮೈ ಕರ್ಷಣದ ಪಕ್ಷಕ್ಕೆ ಸೇರಿ ದಿಣ್ಣೆಗಳನ್ನು ತಗ್ಗಿಸುತ್ತದೆ. ಕಾಸು ಖರ್ಚಿಲ್ಲದೆ ಎದುರಾಳಿಯನ್ನು ಮಿತ್ರನನ್ನಾಗಿ ಮಾಡಿಕೊಂಡಂತೆ. ಹಿಡಿಯುವ ಜಾಗಗಳಲ್ಲಿ ವರ್ಷಗಟ್ಟಲೆ ಬೆರಳುಗಳ ಜಿಡ್ಡು, ಕ್ಯಾರಂ ಪುಡಿ ಸೇರಿ ಕೂತಿರುತ್ತವೆ. ಸೋಪಿನ ನೀರಿನಿಂದ ತೊಳೆದು, ಹಳೆಯ ಬಣ್ಣ ಗಟ್ಟಿಯಾಗಿ ಉಳಿದ ಜಾಗದಲ್ಲಿ ಒಂದು ಹನಿ ನೀರು ಹಾಕಿ ನೋಡಬೇಕು. ಹನಿ ಹರಡಿಕೊಂಡರೆ ಮೈ ಶುದ್ಧವಾಗಿದೆ. ತಾವರೆಯೆಲೆಯ ಮೇಲಿನಂತೆ ದುಂಡಾಗಿ ನಿಂತರೆ ಜಿಡ್ಡು ಇನ್ನೂ ಇದೆ, ಅಲ್ಲಿ ಬಣ್ಣವೂ ಹಿಡಿಯದು.

ಬಾಗಿಲು, ಪಕ್ಕದ ಹಲಗೆಗಳಿಗೆ ಉರುಳೆ ಮತ್ತು ಅದರ ಬೆನ್ನಿಗೆ ಒಣ ಕುಂಚ. ಇಬ್ಬರು ಹುಡುಗರು ಕೂಡಿ ಮಾಡಿದರೆ ಒಂದು ಬಾಗಿಲಿಗೆ ಐದು ನಿಮಿಷ ಹಿಡಿಯದು. ಕಡೆದ ಕಾಲುಗಳಿಗೂ ಗೂಡುಗಳ ಮೂಲೆಗಳಿಗೂ ಒಂದು ಅಂಗುಲದ ಒಳ್ಳೆಯ ಕುಂಚ. ಬಣ್ಣ ನೀರಿನಲ್ಲಿ ಕರಗುವ ಜಾತಿಯದಾದರೆ ವಾಸನೆ ಕಡಿಮೆ, ಬೆಂಕಿಯ ಭಯವಿಲ್ಲ. ಆದರೆ ಬೇಗ ಆರುವುದರಿಂದ ಮುಂಜಾನೆ, ಗಾಳಿ ಏಳುವ ಮುನ್ನ, ಕದ ಮುಚ್ಚಿದ ಕೋಣೆಯಲ್ಲಿ ಬಳಿಯಬೇಕು. ಸಿಂಥೆಟಿಕ್ ಎನಾಮೆಲ್ ನಿಧಾನವಾಗಿ ಆರುವುದರಿಂದ ಹೆಚ್ಚು ಸಪಾಟಾಗುತ್ತದೆ. ಅದಕ್ಕೆ ಕಿ಼ಟಕಿಗಳನ್ನು ತೆರೆದು ಗಾಳಿಯಾಡುವಂತೆ ಮಾಡಿ, ಹತ್ತಿರದಲ್ಲಿ ಒಲೆ, ಬೀಡಿ ಇಲ್ಲದಂತೆ ನೋಡಿಕೊಳ್ಳಬೇಕು. ಅಗಸೆಎಣ್ಣೆಯಿಂದ ತೊಯ್ದ ಚಿಂದಿಗಳನ್ನು ಮುದ್ದೆಮಾಡಿ ಮೂಲೆಗೆ ಎಸೆಯಕೂಡದು. ಎಣ್ಣೆಯು ಗಾಳಿಯ ಆಮ್ಲಜನಕವನ್ನು ಹೀರುವಾಗ ಹುಟ್ಟುವ ಶಾಖವು ಮುದ್ದೆಯೊಳಗೆ ಸಿಕ್ಕಿಬಿದ್ದು ತಾನಾಗಿಯೇ ಹೊತ್ತಿಕೊಳ್ಳುವುದುಂಟು. ಅವನ್ನು ಬಿಡಿಸಿ ಹರವಿ ಒಣಗಿಸಬೇಕು. ಒಂದು ದಪ್ಪ ಲೇಪಕ್ಕಿಂತ ಮೂರು ತೆಳುವಾದ ಲೇಪಗಳು, ನಡುನಡುವೆ ಒದ್ದೆ ಉಪ್ಪುಕಾಗದದ ಹಗುರವಾದ ಉಜ್ಜುವಿಕೆ. ಲಕ್ಕುಂಡಿಯ ಕಂಬಗಳ ಹೊಳಪಿನ ರಹಸ್ಯ ಇದರಲ್ಲಿಯೇ ಅಡಗಿದೆ.

ಕ್ಯಾರಂ ಹಲಗೆಯ ಆಟದ ಮೈಗೆ ಮಾತ್ರ ಯಾವ ಬಣ್ಣವನ್ನೂ ಮುಟ್ಟಿಸಬಾರದೆಂದೂ ಹೇಳಿದೆವು. ಅದರ ಘರ್ಷಣೆ ಎಲ್ಲೆಲ್ಲಿಯೂ ಒಂದೇ ಆಗಿರಬೇಕು; ಬಣ್ಣದ ಒಂದು ತೇಪೆ ಬಿದ್ದರೆ ಕಾಯಿ ಅಲ್ಲಿ ಬಂದು ನಿಂತುಬಿಡುತ್ತದೆ.

ಕೊನೆಯ ಲೇಪ ಮುಟ್ಟಿದರೆ ಅಂಟದಂತಾಗಲು ಕೆಲವು ಗಂಟೆಗಳು ಸಾಕಾದರೂ, ಎನಾಮೆಲ್ ಒಳಗಿನಿಂದ ಗಟ್ಟಿಯಾಗಲು ವಾರವೋ ಅದಕ್ಕೂ ಹೆಚ್ಚೋ ಬೇಕು. ಅದಕ್ಕೆ ಮುಂಚೆ ಬಾಗಿಲನ್ನು ಮುಚ್ಚಿದರೆ ಎರಡು ಹೊಸ ಮೈಗಳು ಒಂದಕ್ಕೊಂದು ಅಂಟಿಕೊಂಡು, ತೆರೆಯುವಾಗ ಸಿಪ್ಪೆಯಂತೆ ಸುಲಿದು ಬರುತ್ತವೆ. ಲಕ್ಕುಂಡಿಯ ಹುಡುಗರು ಬಾಗಿಲುಗಳನ್ನು ಹತ್ತು ದಿನ ಗೋಡೆಗೆ ಒರಗಿಸಿಟ್ಟು, ಅಷ್ಟು ದಿನವೂ ಕ್ಯಾರಂ ಹಲಗೆಯನ್ನು ಕಟ್ಟೆಯ ಮೇಲೆ ಇಟ್ಟುಕೊಂಡು ಆಡಿದರು.